ಬಂಡಿಯ ಅಚ್ಚಿನಲ್ಲಿ ಬುಷ್ ಮತ್ತು ಬೇರಿಂಗ್ : ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯನ್ನು ಕುರಿತು ಒಂದು ವಿಚಾರ

ಯಂತ್ರಗಳ ಇತಿಹಾಸವನ್ನು ಬರೆಯುವವರು ಉಗಿಯಂತ್ರ, ರೈಲು, ವಿದ್ಯುಚ್ಛಕ್ತಿ ಮೊದಲಾದ ದೊಡ್ಡ ಸಂಗತಿಗಳನ್ನು ಹಿಡಿದು ಹೊರಡುವುದು ವಾಡಿಕೆ. ತಿರುಗುವ ವಸ್ತುವಿಗೂ ಅದನ್ನು ಹೊತ್ತ ವಸ್ತುವಿಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿಯನ್ನು ಕುರಿತು ಯೋಚಿಸಿದವರು ವಿರಳ. ಆದರೆ ನಮ್ಮ ಹಳ್ಳಿಗಳ ಮಟ್ಟಿಗೆ ಎತ್ತಿನ ಹೆಗಲಿಗೂ ಬಡಗಿ ಕಮ್ಮಾರರ ಅನ್ನಕ್ಕೂ ಹತ್ತಿರವಾದದ್ದು ಈ ಸಂದಿಯ ಇತಿಹಾಸವೇ. ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಮೊದಲು ಪದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಅಚ್ಚು ಹಾಯುವ ರಂಧ್ರದೊಳಗೆ ಕೂರಿಸಿದ, ಸವೆದಾಗ ತೆಗೆದು ಹಾಕಬಹುದಾದ ಕೊಳವೆಗೆ ಬುಷ್ ಎಂದು ಹೆಸರು. ಇಲ್ಲಿ ಅಚ್ಚಿನ ಮೈಯೂ ಕೊಳವೆಯ ಮೈಯೂ ಒಂದರ ಮೇಲೊಂದು ಜಾರುತ್ತವೆ. ಬೇರಿಂಗ್ ಎಂದು ನಾವು ರೂಢಿಯಲ್ಲಿ ಕರೆಯುವುದರಲ್ಲಾದರೋ ಎರಡು ಬಳೆಗಳ ನಡುವೆ ಗುಂಡುಗಳೋ ಉರುಳೆಗಳೋ ಇದ್ದು ಜಾರುವಿಕೆಯ ಸ್ಥಾನವನ್ನು ಉರುಳುವಿಕೆ ಆಕ್ರಮಿಸುತ್ತದೆ. ಗುಂಡುಗಳ ಉಪಾಯ ಹೊಸದೇನಲ್ಲ. ಇಟಲಿಯ ನೇಮಿ ಸರೋವರದಲ್ಲಿ ದೊರೆತ ಕ್ರಿ.ಶ. ಒಂದನೆಯ ಶತಮಾನದ ರೋಮನ್ ಹಡಗುಗಳಲ್ಲಿ ಕಂಚಿನ ಗುಂಡುಗಳಿದ್ದುವು. 1794ರಲ್ಲಿ ವೇಲ್ಸ್ ನಾಡಿನ ಫಿಲಿಪ್ ವಾನ್ ಎಂಬಾತ ಗಾಡಿಯ ಅಚ್ಚಿಗೆಂದೇ ಗುಂಡುಗಳ ಬೇರಿಂಗಿಗೆ ಹಕ್ಕುಪತ್ರ ಪಡೆದನು. ನಮ್ಮ ಬಂಡಿಗೆ ಅದು ಬಂದುದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. ಈ ವಿಳಂಬವನ್ನು ಹಳ್ಳಿಯವರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆ ಅಭಿಪ್ರಾಯವನ್ನು ನಾವು ಒಪ್ಪಲಾರೆವು.

ಬಂಡಿಯ ಪರಿಭಾಷೆ ಕನ್ನಡದಲ್ಲಿ ಬಹಳ ಹಳೆಯದು. ಗಾಲಿ ಅಚ್ಚಿನಿಂದ ಕಳಚಿಬೀಳದಂತೆ ತಡೆಯುವ ಕಡೆಗೀಲನ್ನು ಜೇಡರ ದಾಸಿಮಯ್ಯನು ವಚನವೊಂದರಲ್ಲಿ ಉಪಮಾನವಾಗಿ ಬಳಸಿದ್ದಾನೆ. ಆದರೆ ಪದ ಹಳೆಯದಾದ ಮಾತ್ರಕ್ಕೆ ಬಂಡಿ ಎಲ್ಲೆಡೆಯೂ ಓಡಾಡುತ್ತಿತ್ತೆಂದು ಭಾವಿಸಬಾರದು. 1800ರ ಸುಮಾರಿನಲ್ಲಿ ಮೈಸೂರು ಸೀಮೆಯ ದೂರದ ವ್ಯಾಪಾರವೆಲ್ಲ ಬಹುಮಟ್ಟಿಗೆ ಹೇರೆತ್ತುಗಳ ಬೆನ್ನಿನ ಮೇಲೆಯೇ ನಡೆಯುತ್ತಿತ್ತು. ಆ ವರ್ಷ ಈ ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಮಧುಗಿರಿ, ಚನ್ನರಾಯನದುರ್ಗಗಳ ಆಸುಪಾಸಿನಲ್ಲಿ ಹಳ್ಳಗಳ ಕಪ್ಪು ಮರಳಿನಿಂದ ಕಬ್ಬಿಣವನ್ನು ತೆಗೆಯುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅಂದರೆ ಬಂಡಿಯ ಅಚ್ಚಿಗೂ ಬುಷ್ಷಿಗೂ ಬೇಕಾದ ಲೋಹವೂ ಅದನ್ನು ಬಡಿಯಬಲ್ಲ ಕೈಯೂ ಈ ಸೀಮೆಯಲ್ಲಿಯೇ ಇದ್ದುವು; ಇಲ್ಲದಿದ್ದುದು ರಸ್ತೆ. 1831ರಿಂದ 1881ರ ವರೆಗಿನ ಕಮಿಷನರುಗಳ ಆಡಳಿತದಲ್ಲಿ ರಸ್ತೆಗಳು ಹಬ್ಬಿದಂತೆ ಬಂಡಿಗಳೂ ಹೆಚ್ಚಿದುವು.

ಈ ಬಂಡಿಯ ಗಾಲಿಯನ್ನು ಕೊಂಚ ಸಮೀಪದಿಂದ ನೋಡಬೇಕು. ನಡುವೆ ಗಟ್ಟಿಮರದ ನಾಭಿ, ಅದರಿಂದ ಹೊರಟ ಅರೆಕಾಲುಗಳು, ಸುತ್ತಲೂ ಮರದ ಬಳಸು, ಅದರ ಮೇಲೆ ಕಾಸಿ ಬಿಗಿದ ಕಬ್ಬಿಣದ ಪಟ್ಟೆ. ನಾಭಿಯೊಳಗೆ ಕಬ್ಬಿಣದ ಬುಷ್. ಅದಕ್ಕೆ ಹಾಕುತ್ತಿದ್ದುದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಈ ಕಪ್ಪು ಲೇಪವನ್ನು ಬಿದಿರ ಗೊಟ್ಟದಲ್ಲಿ ತುಂಬಿ ಬಂಡಿಗೇ ತೂಗುಹಾಕುತ್ತಿದ್ದರು. ಹರಳು ಹೊಲದ ಬೆಳೆ, ಹುಲ್ಲು ಬಣವೆಯದು. ಕೊಳ್ಳಬೇಕಾದದ್ದು ಏನೂ ಇಲ್ಲ. ಹರಳೆಣ್ಣೆಯ ಜಿಗುಟೂ ನುಣ್ಣನೆಯ ಕರಿಯೂ ಸೇರಿ ಭಾರ ಬಿದ್ದರೂ ಬೇಗನೆ ಹಿಂಡಿಹೋಗದ ಲೇಪವಾಗುತ್ತಿತ್ತು. ಬುಷ್ ಸಡಿಲವಾಗಿರುತ್ತಿದ್ದುದರಿಂದ ಒಳಗೆ ಹೊಕ್ಕ ಧೂಳು ಹಳೆಯ ಎಣ್ಣೆಯೊಡನೆ ಹೊರಕ್ಕೂ ಬರುತ್ತಿತ್ತು. ಕೊರಕಲಿನಲ್ಲಿ ಬಂಡಿ ಇಳಿದಾಗ ಗಾಲಿ ಅಚ್ಚಿನ ಮೇಲೆ ಅತ್ತಿತ್ತ ಸರಿದು ಪೆಟ್ಟನ್ನು ತುಸು ತಾಳಿಕೊಳ್ಳುತ್ತಿತ್ತು. ಬಂಡಿಯ ಕಟಕಟ ಸದ್ದಿಗೆ ಕಾರಣವಾದ ಆ ಸಡಿಲವನ್ನು ದೋಷವೆಂದು ಮಾತ್ರ ಎಣಿಸಿದರೆ ಅನ್ಯಾಯವಾದೀತು.

ಇನ್ನು ಎಳೆತದ ಪ್ರಶ್ನೆ. ಬೇರಿಂಗ್ ಹಾಕಿದರೆ ಬಂಡಿ ಹಗುರವಾಗುತ್ತದೆಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಸತ್ಯ. ನಾಭಿಯಲ್ಲಿ ಹುಟ್ಟುವ ಘರ್ಷಣೆ ಗಾಲಿಯ ಅಂಚಿಗೆ ಬರುವಷ್ಟರಲ್ಲಿ, ಅಚ್ಚಿನ ವ್ಯಾಸಕ್ಕೂ ಗಾಲಿಯ ವ್ಯಾಸಕ್ಕೂ ಇರುವ ಪ್ರಮಾಣಕ್ಕೆ ತಕ್ಕಂತೆ ತಗ್ಗುತ್ತದೆ. ಉದಾಹರಣೆಗೆ ಗಾಲಿ 60 ಅಂಗುಲ, ಅಚ್ಚು 2 ಅಂಗುಲ, ಮೇಲಿನ ಭಾರ 1000 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಎಣ್ಣೆ ಹಾಕಿದ ಬುಷ್ಷಿನ ಘರ್ಷಣೆ ಭಾರದ ಹತ್ತನೆಯ ಒಂದು ಪಾಲಾದರೆ ಅದು 100 ಕಿಲೋಗ್ರಾಂ. ಎತ್ತಿನ ಹೆಗಲಿಗೆ ತಗಲುವುದು ಅದರ ಮೂವತ್ತನೆಯ ಒಂದು ಪಾಲು, ಸುಮಾರು ಮೂರು ಮಾತ್ರ. ಅದೇ ಬಂಡಿಗೆ ಮಣ್ಣಿನ ದಾರಿಯ ತಡೆ 50 ಕಿಲೋಗ್ರಾಂ ಆದರೂ ಆಶ್ಚರ್ಯವಿಲ್ಲ. ಇಷ್ಟರಲ್ಲಿ ಬೇರಿಂಗ್ ಉಳಿಸಿಕೊಡುವುದು ಆ ಮೂರನ್ನು. ದೊಡ್ಡ ಗಾಲಿಯನ್ನು ಕಟ್ಟಿದ ಬಡಗಿಗೆ ಈ ಲೆಕ್ಕ ಕಾಗದದ ಮೇಲೆ ತಿಳಿದಿರಬೇಕಾಗಿರಲಿಲ್ಲ. ಗಾಲಿಯ ಅಳತೆಯಲ್ಲಿಯೇ ಅದು ಅಡಗಿತ್ತು.

ಈ ಲೆಕ್ಕ ತಲೆಕೆಳಗಾದದ್ದು ರಬ್ಬರು ಟೈರಿನಿಂದ. ಡನ್ಲಪ್ ಕಂಪನಿಯವರು ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆದುದು 1936ರಲ್ಲಿ. ಎತ್ತಿನ ಗಾಡಿಗೆ ಗಾಳಿ ತುಂಬಿದ ಟೈರು ಪ್ರಚಾರಕ್ಕೆ ಬಂದುದೂ ಆ ದಶಕದಲ್ಲಿಯೇ. ಟೈರು ದಾರಿಯ ತಡೆಯನ್ನು ಬಹಳವಾಗಿ ತಗ್ಗಿಸಿತು, ಜೊತೆಗೆ ಗಾಲಿಯನ್ನೂ ಚಿಕ್ಕದಾಗಿಸಿತು. 28 ಅಂಗುಲದ ಗಾಲಿಯಲ್ಲಿ ಅದೇ ಬುಷ್ ಇದ್ದರೆ ಮೂರರ ಬದಲು ಏಳು ಕಿಲೋಗ್ರಾಂ ತಡೆ. ಗಟ್ಟಿ ರಸ್ತೆಯಲ್ಲಿ ಟೈರಿನ ತಡೆಯೇ ಹದಿನೈದಿಪ್ಪತ್ತಕ್ಕೆ ಇಳಿದಿರುವಾಗ ಈ ಏಳನ್ನು ಕಡೆಗಣಿಸುವಂತಿಲ್ಲ. ಆದ್ದರಿಂದ ಬೇರಿಂಗ್ ತಾನಾಗಿ ಬಂದು ಬುಷ್ಷನ್ನು ಸೋಲಿಸಿತೆನ್ನುವುದಕ್ಕಿಂತ ಡಾಂಬರು ರಸ್ತೆಯೂ ಚಿಕ್ಕ ಗಾಲಿಯೂ ಅದನ್ನು ಕೈಹಿಡಿದು ಕರೆತಂದುವೆನ್ನುವುದು ಸರಿ. ಹಳೆಯ ಮೋಟಾರಿನ ಅಚ್ಚನ್ನೇ ತಂದು ಟೈರುಗಾಡಿ ಕಟ್ಟುವ ಪದ್ಧತಿ ಬೆಳೆದುದರಿಂದ ಅನೇಕ ರೈತರಿಗೆ ಆಯ್ಕೆಯ ಪ್ರಶ್ನೆಯೇ ಏಳಲಿಲ್ಲ; ಬೇರಿಂಗ್ ಅಚ್ಚಿನೊಡನೆಯೇ ಬಂದಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ರಾಷ್ಟ್ರದ ಪ್ರಶ್ನೆಯನ್ನಾಗಿ ಎತ್ತಿದರು. ವಿದ್ವಾಂಸರು ಗಾಡಿಯತ್ತ ತಿರುಗಿ ನೋಡಿದುದು ಅಷ್ಟು ತಡವಾಗಿ.

ಇಲ್ಲಿಯ ವರೆಗೆ ಹೇಳಿದುದು ಎತ್ತಿನ ಲಾಭ. ನಷ್ಟ ಯಾರದು? ಬಡಗಿಯೂ ಕಮ್ಮಾರನೂ ಹಳ್ಳಿಯ ಆಯಗಾರರಲ್ಲಿ ಸೇರಿದವರು. ರೈತನು ಸುಗ್ಗಿಯಲ್ಲಿ ಕಣದಿಂದಲೇ ಅವರಿಗೆ ಆಯದ ಧಾನ್ಯ ಅಳೆಯುತ್ತಿದ್ದನು. ಸವೆದ ಬುಷ್ ಬದಲಾಯಿಸುವುದೂ ಸಡಿಲಗೊಂಡ ಪಟ್ಟೆ ಬಿಗಿಯುವುದೂ ವರ್ಷದ ಆ ಲೆಕ್ಕದಲ್ಲಿಯೇ ಸೇರಿತ್ತು. ಬೇರಿಂಗನ್ನು ಕುಲುಮೆಯಲ್ಲಿ ಬಡಿದು ಮಾಡಲಾಗದು. ಜಯಪುರದಲ್ಲಿ 1946ರಲ್ಲಿ ಸ್ಥಾಪಿತವಾದ ಕಂಪನಿಯಂಥವುಗಳ ಕಾರ್ಖಾನೆಯಿಂದ ಅದು ಪೇಟೆಗೆ ಬರಬೇಕು, ರೈತನು ತುಮಕೂರಿಗೋ ಹಿಂದೂಪುರಕ್ಕೋ ಹೋಗಿ ರೊಕ್ಕ ತೆತ್ತು ತರಬೇಕು. ಮಳೆ ನೆಚ್ಚಿದ ಪಾವಗಡದಂಥ ತಾಲ್ಲೂಕಿನಲ್ಲಿ ಧಾನ್ಯ ಬೆಳೆಯದ ವರ್ಷ ಆಯಗಾರನೂ ರೈತನೊಡನೆ ಹಸಿಯುತ್ತಿದ್ದನು. ಅಂಗಡಿಯವನ ಬೆಲೆ ಮಳೆಯನ್ನು ಕೇಳುವುದಿಲ್ಲ. ಆಯದ ಪದ್ಧತಿ ಕುಸಿಯಲು ಬೇರೆ ಪ್ರಬಲ ಕಾರಣಗಳಿದ್ದುವು, ಆ ಪದ್ಧತಿಯಲ್ಲಿ ಜಾತಿಯ ಕಟ್ಟೂ ಇತ್ತು. ಅದನ್ನು ಮರೆತು ಹಳೆಯದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ದುರಸ್ತಿಯ ಹಕ್ಕು ಊರಿನ ಕೈಯಿಂದ ಪೇಟೆಯ ಕೈಗೆ ಹೋದ ಬಗೆಗೆ ಈ ಚಿಕ್ಕ ಬಳೆಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಹಾಗಾದರೆ ಬುಷ್ಷಿನ ಕಾಲ ಮುಗಿಯಿತೇ? ಮೋಟಾರು ಕಾರನ್ನೇ ನೋಡಬಹುದು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ಎಡಬಲದ ಗಾಲಿಗಳ ನಡುವೆ ಒಂದು ಉಕ್ಕಿನ ಸರಳನ್ನು ಅಡ್ಡಲಾಗಿ ಹಾಕಿರುತ್ತಾರೆ. ಒಂದು ಗಾಲಿ ಮೇಲೇರಿ ಇನ್ನೊಂದು ಕೆಳಗಿಳಿದಾಗ ಈ ಸರಳು ತಿರುಚಿಕೊಂಡು ವಾಲುವಿಕೆಯನ್ನು ತಡೆಯುತ್ತದೆ. ಅದನ್ನು ಕಾರಿನ ಅಡಿಗೆ ಹಿಡಿದಿರುವುದು ಸಾಮಾನ್ಯವಾಗಿ ರಬ್ಬರಿನ ಬುಷ್. ಪಂದ್ಯದ ಕಾರುಗಳಲ್ಲಿ ಸರಳು ತಡೆಯಿಲ್ಲದೆ ಹೊರಳಲೆಂದು ಬೇರಿಂಗ್ ಹಾಕುವುದುಂಟು. ಆದರೆ ಈ ಸರಳು ಎಂದೂ ಪೂರ್ತಿ ಸುತ್ತು ತಿರುಗುವುದಿಲ್ಲ. ಕೆಲವೇ ಅಂಶಗಳಷ್ಟು ಅತ್ತಿತ್ತ ಹೊರಳುತ್ತದೆ. ಅಂಥ ಕಡೆ ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ತೂಗಾಡುತ್ತ ಅಲ್ಲಿಯ ಗ್ರೀಸನ್ನು ಹಿಂಡಿಹಾಕಿ ಬಳೆಯಲ್ಲಿ ಕುಳಿ ಬೀಳಿಸುತ್ತವೆ. ಧೂಳು ಹೊಕ್ಕರೆ ಸದ್ದೂ ಏಳುತ್ತದೆ. ರಬ್ಬರು ತಾನೇ ತಿರುಚಿಕೊಂಡು ಪೆಟ್ಟನ್ನು ನುಂಗುತ್ತದೆ. ಪಾಲಿಯುರೆಥೇನಿನ ಬುಷ್ ಅದಕ್ಕಿಂತ ಬಿಗಿ, ಆದರೆ ಗ್ರೀಸು ಕಾಣದಿದ್ದರೆ ಕಿರುಗುಟ್ಟುವುದು. ನಮ್ಮ ಕಚ್ಚಾರಸ್ತೆಗಳಲ್ಲಿ ದಿನವೂ ಓಡಾಡುವ ಕಾರಿಗೆ ರಬ್ಬರೇ ಲೇಸೆಂಬುದು ನಮ್ಮ ಅಭಿಪ್ರಾಯ.

ಪಾವಗಡ ತಾಲ್ಲೂಕಿನ ರಾಯಚರ್ಲು ಗ್ರಾಮ ಇಂದು ಬಂಡಿಯಿಂದ ಬಹುದೂರ ಬಂದಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲುಗಳೊಡನೆ ಈ ಊರಿನ ನೆಲವೂ ಸೇರಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ಎದ್ದಿದೆ. ಅದರ ಮೊದಲ ಭಾಗ 2018ರಲ್ಲಿ ಆರಂಭವಾಗಿ 2019ರ ಕೊನೆಗೆ ಕೆಲಸ ಪೂರೈಸಿತು. ರೈತರು ಭೂಮಿಯನ್ನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಮೊದಲುಗೊಂಡ ಗುತ್ತಿಗೆಗೆ ಕೊಟ್ಟರು. ಗೊಬ್ಬರ ಹೇರಲು ಹೊಲವಿಲ್ಲದಲ್ಲಿ ಗಾಡಿಗೇನು ಕೆಲಸ? ಆದರೂ ಹಳೆಯ ಪ್ರಶ್ನೆ ಸೌರಫಲಕಗಳ ಬಳಿಯೂ ಬಂದು ನಿಂತಿರುವುದು ಕುತೂಹಲಕರ. ಸೂರ್ಯನನ್ನು ಅನುಸರಿಸಿ ಬೆಳಗಿನಿಂದ ಸಂಜೆಯ ವರೆಗೆ ಮೆಲ್ಲನೆ ಹೊರಳುವ ಫಲಕಗಳು ಈಗ ಜಗತ್ತಿನ ಹಲವೆಡೆ ಬಳಕೆಯಲ್ಲಿವೆ. ಅವುಗಳ ಉದ್ದನೆಯ ಉಕ್ಕಿನ ಕೊಳವೆಯನ್ನು ಕಂಬಗಳ ಮೇಲೆ ಹೊರಲು ಹಲವು ತಯಾರಕರು ಆರಿಸಿಕೊಂಡಿರುವುದು ಗುಂಡುಗಳ ಬೇರಿಂಗನ್ನಲ್ಲ, ಎಣ್ಣೆಯನ್ನೂ ಬೇಡದ ಪ್ಲಾಸ್ಟಿಕ್ಕಿನ ಬುಷ್ಷನ್ನು: ಚಲನೆ ನಿಧಾನ, ಹೊರಳುವುದು ಅರ್ಧ ಸುತ್ತಿಗೂ ಕಡಿಮೆ, ಸುತ್ತಲೂ ಧೂಳು, ಸಾವಿರಾರು ಕಂಬಗಳಿಗೆ ಗೊಟ್ಟ ಹಿಡಿದು ಕೀಲೆಣ್ಣೆ ಹಾಕುತ್ತ ಹೋಗುವವರು ಯಾರೂ ಇಲ್ಲ.