ಕಾಗದಕ್ಕಾಗಿ ಕಟ್ಟಿದ ತಾಳಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮದುವೆಗೆ ಊರೇ ಸಾಕ್ಷಿ. ಮನೆ ಮುಂದೆ ಹಸಿರು ಚಪ್ಪರ ಎದ್ದು, ಧಾರೆ ಎರೆದು, ಬಂದವರು ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು, ಉಂಡು ಹೋದರೆ ಅದು ಮದುವೆ. 1976ರಲ್ಲೇ ಕರ್ನಾಟಕ ವಿವಾಹ ನೋಂದಣಿ ಕಾಯ್ದೆ ಮಾಡಿತಾದರೂ, ಹಳ್ಳಿಯವರು ಉಪನೋಂದಣಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದುದು ಹೆಚ್ಚಾಗಿ ಜಮೀನಿನ ಪತ್ರಕ್ಕೆ. ಅಳಿಯ ಹೊರದೇಶದಲ್ಲಿದ್ದರೆ ಮಾತ್ರ ಮದುವೆಯ ಕಾಗದದ ನೆನಪು. ವೀಸಾ ಅಧಿಕಾರಿ ಅಕ್ಷತೆ ಹಾಕಲು ಬಂದವನಲ್ಲವಲ್ಲ!

ಕಾಗದವೇ ಪುರಾವೆಯಾದ ಮೇಲೆ ಕಾಗದಕ್ಕಾಗಿಯೇ ಮದುವೆಗಳು ಹುಟ್ಟಿಕೊಂಡವು. ಇವುಗಳಲ್ಲಿ ಹೆಸರಾದದ್ದು 1935ರ ಒಂದು ಮದುವೆ. ಜರ್ಮನಿಯ ಸಾಹಿತಿ ಥಾಮಸ್ ಮನ್ ಅವರ ಮಗಳು ಎರಿಕಾ, 'ಮೆಣಸಿನ ಗಿರಣಿ' ಎಂಬರ್ಥದ ಹೆಸರಿನ ವಿಡಂಬನೆಯ ರಂಗತಂಡ ಕಟ್ಟಿ ನಾಜಿಗಳನ್ನು ಗೇಲಿ ಮಾಡುತ್ತಿದ್ದರು. ಅವರ ಪೌರತ್ವಕ್ಕೆ ಕುತ್ತು ಬಂದಾಗ, ಪರಿಚಯವೇ ಇರದ ಇಂಗ್ಲಿಷ್ ಕವಿ ಡಬ್ಲ್ಯು. ಎಚ್. ಆಡೆನ್ ಮದುವೆಯಾಗಲು ಒಪ್ಪಿದರು. ಬ್ರಿಟಿಷನ ಕೈಹಿಡಿದವಳು ತಾನಾಗಿಯೇ ಬ್ರಿಟಿಷ್ ಪ್ರಜೆಯಾಗುತ್ತಿದ್ದ ಕಾಲವದು. ಇಬ್ಬರೂ ಒಂದು ದಿನವೂ ಸಂಸಾರ ಹೂಡಲಿಲ್ಲ. ಆದರೆ 1969ರಲ್ಲಿ ಎರಿಕಾ ತೀರಿಕೊಳ್ಳುವವರೆಗೂ ವಿಚ್ಛೇದನವನ್ನೂ ಪಡೆಯಲಿಲ್ಲ. ಮುಖ ನೋಡದೆ ಮದುವೆಯಾದ ನಮ್ಮ ಅಜ್ಜ–ಅಜ್ಜಿಯರಿಗೆ ಇದರಲ್ಲಿ ಅರ್ಧವಾದರೂ ಅರ್ಥವಾಗುತ್ತಿತ್ತು.

1965ರ ಕಾನೂನಿನಿಂದ ಅಮೆರಿಕದ ಬಾಗಿಲು ಭಾರತೀಯರಿಗೆ ಅಗಲವಾಗಿ ತೆರೆಯಿತು. ಜೊತೆಗೇ ಸುಳ್ಳು ಮದುವೆಗಳ ಅನುಮಾನವೂ ಬೆಳೆಯಿತು. 1986ರಲ್ಲಿ ಬಂದ ಕಾಯ್ದೆ ಇಂಥ ವಂಚನೆಗೆ ಐದು ವರ್ಷದವರೆಗೆ ಸೆರೆವಾಸ, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ವಿಧಿಸಿತು. ಹೊಸ ದಂಪತಿಗೆ ಮೊದಲ ಎರಡು ವರ್ಷ ಷರತ್ತಿನ ವಾಸ ಮಾತ್ರ. 1990ರಲ್ಲಿ ಪೀಟರ್ ವಿಯರ್ ನಿರ್ದೇಶಿಸಿದ 'ಗ್ರೀನ್ ಕಾರ್ಡ್' ಚಿತ್ರ ಇದನ್ನೇ ಹಾಸ್ಯಕ್ಕೆ ಎತ್ತಿಕೊಂಡಿತು. ಅವನಿಗೆ ಅಮೆರಿಕದಲ್ಲಿ ನೆಲೆ ಬೇಕು, ಅವಳಿಗೆ ಗಿಡ ಬೆಳೆಸಲು ಗಾಜಿನ ಮನೆಯಿರುವ ಫ್ಲಾಟ್ ಬೇಕು. ಅಧಿಕಾರಿಗಳ ಪ್ರಶ್ನೆಗೆ ಹೆದರಿ ಗಂಡ–ಹೆಂಡಿರು ಪರಸ್ಪರರ ದಿನಚರಿಯನ್ನು ಉರು ಹೊಡೆಯುತ್ತಾರೆ.

ನಗುವಿನಲ್ಲಿ ಕಾಣದ ಸಂಗತಿಯೊಂದಿದೆ. ಷರತ್ತು ತೆಗೆಸುವ ಅರ್ಜಿಗೆ ಗಂಡ–ಹೆಂಡತಿ ಇಬ್ಬರ ಸಹಿಯೂ ಬೇಕು. ಹೀಗಾಗಿ ನಿಜವಾಗಿಯೇ ಮದುವೆಯಾಗಿ ಹೋದ ಹೆಣ್ಣುಮಗಳು ಹೊಡೆತ ತಿಂದರೂ ಗಂಡನ ಸಹಿಗಾಗಿ ಕಾಯಬೇಕಾಯಿತು. ಕಳ್ಳನಿಗೆ ಒಡ್ಡಿದ ಬಲೆಗೆ ಮನೆಯವರೇ ಬಿದ್ದಂತೆ. 1990ರ ತಿದ್ದುಪಡಿ ಹಾಗೂ 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆ ಇಂಥವರಿಗೆ ಒಂದಿಷ್ಟು ದಾರಿ ಮಾಡಿದವು. ಪರದೇಶದ ವರನ ಥಳಕನ್ನು ಕನ್ನಡ ತೆರೆಗೆ ತಂದ 'ಅಮೆರಿಕಾ ಅಮೆರಿಕಾ' ಚಿತ್ರದ ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರು.

ನಮ್ಮಲ್ಲಿ ಇದರ ಇನ್ನೊಂದು ಮುಖ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಇವರ ತಂದೆ, ಮಾಜಿ ಮುಖ್ಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಪಾಂಡವಪುರ ಸೀಮೆಯವರು. ವೀಸಾಕ್ಕೆ ಅರ್ಜಿ ಹಾಕಲೆಂದು, ಶಾಸ್ತ್ರವನ್ನು ಮುಂದಕ್ಕೆ ಹಾಕಿ ಮೊದಲೇ ನೋಂದಣಿ ಮಾಡಿಸುವ ರೂಢಿಯನ್ನು ತೀರ್ಪು ಹೆಸರಿಸಿಯೇ ಎಚ್ಚರಿಸಿತು. 1955ರ ಹಿಂದೂ ವಿವಾಹ ಕಾಯ್ದೆಯಂತೆ ವಧು ಅಥವಾ ವರನ ಕಡೆಯ ಸಂಪ್ರದಾಯದ ವಿಧಿಗಳು ನಡೆಯಲೇಬೇಕು. ನಡೆಯದಿದ್ದರೆ ಪ್ರಮಾಣಪತ್ರ ಕೈಯಲ್ಲಿದ್ದರೂ ಅವರು ಗಂಡ–ಹೆಂಡಿರಲ್ಲ ಎಂದಿತು.