ಅಂಚಿನಲ್ಲಿ ನಿಂತ ಜೀವಗಳು: ವಾಲ್ಟೇರಿನ ಕಡಲು, ಬೆಜವಾಡದ ಬಿಸಿಲು

ಉಷ್ಣವಲಯದ ಜೀವಿಗಳು ವರ್ಷವಿಡೀ ಬಿಸಿಯಲ್ಲೇ ಇರುವುದರಿಂದ ತಾಪದ ಏರಿಳಿತ ಅವನ್ನು ಹೆಚ್ಚು ಕಾಡದು ಎಂಬ ಎಣಿಕೆ ಇದೆ. ಹಿಮ ಬೀಳುವ ನಾಡುಗಳಲ್ಲಿ ಬೆಳೆದ ಶಾಸ್ತ್ರ ಚಳಿಯನ್ನೇ ಮೊದಲ ಪ್ರಶ್ನೆ ಮಾಡಿಕೊಂಡದ್ದು ಸಹಜವೇ. ಆಂಧ್ರ ಕರಾವಳಿಯ ಪುರಾವೆ ಬೇರೆ ದಾರಿ ತೋರುತ್ತದೆ. ತಾಪ ಎಷ್ಟು ಏರಿ ಇಳಿಯಿತು ಎನ್ನುವುದಕ್ಕಿಂತ, ಜೀವಿ ತನ್ನ ಸಹನೆಯ ಮೇಲ್ಮಿತಿಗೆ ಎಷ್ಟು ಹತ್ತಿರ ನಿಂತಿದೆ ಎಂಬುದೇ ಇಲ್ಲಿ ನಿರ್ಣಾಯಕ. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಹುಟ್ಟಿದ ಆಂಧ್ರ ವಿಶ್ವವಿದ್ಯಾಲಯ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಹೋದ ಮೇಲೆ ಅದಕ್ಕೆ ಕಡಲೇ ಪ್ರಯೋಗಶಾಲೆಯಾಯಿತು. 1952–53ರಲ್ಲಿ ಅಲ್ಲಿಗೆ ಬಂದಿದ್ದ ಅಮೆರಿಕದ ಸಾಗರವಿಜ್ಞಾನಿ ಇ. ಸಿ. ಲಾಫಾಂಡ್, ವಸಂತದಲ್ಲಿ ಮೇಲ್ಪದರದ ನೀರು ದಡದಿಂದ ಆಚೆ ಸರಿದು ಆಳದ ತಣ್ಣೀರು ಏರಿಬರುವುದನ್ನು ವಿವರಿಸಿದರು. ನೆಲ ಕಾಯುವ ಹೊತ್ತಿಗೇ ವಿಶಾಖಪಟ್ಟಣದ ದಡದ ನೀರು ತಂಪೇರುತ್ತದೆ. ಅದೇ ದಡದಲ್ಲಿ ತೆರೆ ಮುಟ್ಟದ ಎತ್ತರದ ಬಂಡೆಗೆ ಕಚ್ಚಿಕೊಂಡ ಲಿಟೊರಿನಾ ಜಾತಿಯ ಪುಟ್ಟ ಬಸವನಹುಳುವಿಗೆ ಆ ತಂಪಿನ ಪಾಲಿಲ್ಲ. ಮಟಮಟ ಮಧ್ಯಾಹ್ನ ಅದು ಪಾದವನ್ನು ಚಿಪ್ಪಿನೊಳಗೆ ಎಳೆದುಕೊಂಡು ಬಾಯಿ ಮುಚ್ಚುತ್ತದೆ. ಒಣಗಿದ ಲೋಳೆಯ ಒಂದು ಎಳೆ ಮಾತ್ರ ಚಿಪ್ಪಿನ ಅಂಚನ್ನು ಕಲ್ಲಿಗೆ ಅಂಟಿಸಿರುತ್ತದೆ. ಕಾದ ಕಲ್ಲಿನಿಂದ ಮೈಗೆ ಬಿಸಿ ಹರಿಯುವ ದಾರಿ ಅಷ್ಟಕ್ಕೇ ಕಿರಿದಾಗುತ್ತದೆ.

ಕಡಲ ನೀರಿನ ವ್ಯತ್ಯಾಸ ಕೆಲವೇ ಡಿಗ್ರಿ, ಅದಕ್ಕೇಕೆ ಇಷ್ಟು ಮಹತ್ವ ಎಂದು ಕೇಳಬಹುದು. ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳಲಾರದ ಪ್ರಾಣಿಗಳಲ್ಲಿ 10 ಡಿಗ್ರಿಗೆ ಜೀವಕ್ರಿಯೆಯ ವೇಗ ಸಾಮಾನ್ಯವಾಗಿ ಎರಡು–ಮೂರು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ 3 ಡಿಗ್ರಿ ಏರಿದರೂ ಖರ್ಚು ಕಾಲು ಭಾಗದಷ್ಟು ಹೆಚ್ಚುತ್ತದೆ. ಈ ಲೆಕ್ಕವನ್ನು ಜೀವಿ ಸರಿದೂಗಿಸಿಕೊಳ್ಳುವ ಬಗೆಯನ್ನು ಬಿಡಿಸಿದವರಲ್ಲಿ ಕೆ. ಪಂಪಾಪತಿ ರಾವ್ ಒಬ್ಬರು. ಅಮೆರಿಕದ ಪಶ್ಚಿಮ ಕರಾವಳಿಯ ಕಪ್ಪೆಚಿಪ್ಪುಗಳ ಮೇಲಿನ ಅವರ 1953ರ ಲೇಖನದ ಪ್ರಕಾರ, ಒಂದೇ ತಾಪದಲ್ಲಿಟ್ಟಾಗ ತಂಪಾದ ಉತ್ತರದವು ದಕ್ಷಿಣದವಕ್ಕಿಂತ ವೇಗವಾಗಿ ನೀರು ಹಾಯಿಸುತ್ತವೆ. ಮುಂದೆ ತಿರುಪತಿಯಲ್ಲಿ ಅವರ ಬಳಗ ಎರೆಹುಳುಗಳಲ್ಲೂ ಸಿಹಿನೀರಿನ ಪ್ರಾಣಿಗಳಲ್ಲೂ ತಂಪಿಗೆ ಒಗ್ಗುವ ಕ್ರಿಯೆಯನ್ನು ಹುಡುಕಿತು. ನಮ್ಮ ಬಿಸಿನಾಡಿನ ಜೀವಿಗಳಿಗೂ ಒಗ್ಗುವ ಶಕ್ತಿಯುಂಟು ಎಂಬುದು ಅಲ್ಲಿಗೆ ಖಚಿತವಾಯಿತು.

ಹಾಗಾದರೆ ಬಿಸಿಗೂ ಒಗ್ಗಿಬಿಡಬಹುದಲ್ಲ? ಪ್ರಬಲವಾದ ಆಕ್ಷೇಪ ಇದೇ. ಆದರೆ ಒಗ್ಗುವಿಕೆ ಚಳಿಯ ಕಡೆಗೆ ಮಿತಿಯನ್ನು ದೂರ ಸರಿಸಿದಷ್ಟು ಬಿಸಿಯ ಕಡೆಗೆ ಸರಿಸಲಾರದು. ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳುವ ಪ್ರಾಣಿಗಳೂ ಈ ಮೇಲ್ಮಿತಿಗೆ ಹೊರತಲ್ಲ; ವಿಜಯವಾಡದ ಸುತ್ತಿನ ಕೋಳಿ ಫಾರಂಗಳನ್ನೇ ನೋಡಿ. ಕೋಳಿಯ ಮೈ ಸುಮಾರು 41 ಡಿಗ್ರಿ. ಮೇ ತಿಂಗಳ ಗಾಳಿ 40 ದಾಟಿದಾಗ ಬಿಸಿ ಹೊರಹೋಗಲು ಉಳಿಯುವುದು ಆವಿಯ ದಾರಿಯೊಂದೇ. ಬೆವರಿನ ಗ್ರಂಥಿ ಇಲ್ಲದ ಅದು ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಗಂಟಲು ಅದುರಿಸುತ್ತ ಏದುಸಿರು ಬಿಡುತ್ತದೆ. ಚಾವಣಿಗೆ ನೀರು ಹಾಯಿಸಿದರೆ ಶೆಡ್ ತಂಪಾಗುತ್ತದೆ. ಗಾಳಿಯಾಡದ ಶೆಡ್ಡಿನೊಳಗೇ ಸಿಂಪಡಿಸಿದರೆ ತೇವವೇರಿ, ಆ ಏದುಸಿರಿಗೂ ಆವಿಯಾಗಲು ಜಾಗ ಸಿಗುವುದಿಲ್ಲ.