ಕಾಫಿ: ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳಲ್ಲಿ ಕಾಫಿ ಬಳಕೆಗೆ ಬಂದ ಬಗೆ, ಅದನ್ನು ಕಾಸುವ ವಿಧಾನಗಳು ಈ ಬರಹದ ವಿಷಯ. ರಾಜ್ಯದ ಕಾಫಿ ಚರಿತ್ರೆಗಳು ಸಾಮಾನ್ಯವಾಗಿ ಚಿಕ್ಕಮಗಳೂರು, ಕೊಡಗುಗಳ ತೋಟದಲ್ಲಿ ಹುಟ್ಟಿ ಬೆಂಗಳೂರು, ಮೈಸೂರುಗಳ ಹೋಟೆಲಿನಲ್ಲಿ ಮುಗಿಯುತ್ತವೆ. ತುಂಗಭದ್ರೆಯಿಂದ ಬಡಗಣಕ್ಕೆ ‘ಚಹಾ ಸೀಮೆ’ ಎಂಬ ಒಂದೇ ಮಾತಿನ ವಿವರಣೆ. ಮಾತು ಸುಳ್ಳಲ್ಲ, ಆದರೆ ಇದನ್ನು ಬರೀ ನಾಲಗೆಯ ರುಚಿಯ ವ್ಯತ್ಯಾಸವೆಂದು ಬಗೆದರೆ ಆಡಳಿತ, ರೈಲು, ಕಿರಾಣಿ ಅಂಗಡಿಗಳ ಪಾತ್ರ ಮರೆಯಾಗುತ್ತದೆ.

ಮೂಲದ ಬಗ್ಗೆಯೇ ಗೊಂದಲವಿದೆ. ಬಾಬಾ ಬುಡನ್ ಯೆಮೆನ್‌ನ ಮೋಖಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬುದು ಜನಜನಿತ ಕಥೆ. ಅದಕ್ಕೆ ಅಂಟಿಸುವ ವರ್ಷ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ: ಕೆಲವರಿಗೆ 1600ರ ಆಸುಪಾಸು, ಹಲವರಿಗೆ 1670. ಹೆಚ್ಚು ಗಟ್ಟಿಯಾದ ಆಧಾರ ಡಚ್ಚರದು. 17ನೆಯ ಶತಮಾನದ ಕೊನೆಯ ದಶಕದಲ್ಲಿ ಅವರು ಮಲಬಾರಿನಿಂದ ಜಾವಾಕ್ಕೆ ಕಾಫಿ ಸಸಿ ಒಯ್ದರು. ಅಂದರೆ ಅಷ್ಟರೊಳಗೆ ಪಶ್ಚಿಮ ಕರಾವಳಿಯಲ್ಲಿ ಗಿಡ ಬೇರೂರಿತ್ತು. 19ನೆಯ ಶತಮಾನದ ತೋಟಗಾರಿಕೆಯ ಕಥೆ ಸಾಕಷ್ಟು ಬರೆಯಲ್ಪಟ್ಟಿದೆ. ನವಲಗುಂದದ ಎರೆ ಹೊಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಸೀಮೆಗೆ ಸಂಬಂಧಿಸಿದ್ದು ಗಡಿ. ಕಾಫಿ ಬೆಳೆದದ್ದು ಮೈಸೂರು ಸಂಸ್ಥಾನ, ಕೊಡಗು, ಮದ್ರಾಸ್ ಪ್ರಾಂತಗಳಲ್ಲಿ. ಧಾರವಾಡ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಕುಂದಗೋಳವಂತೂ 1948ರವರೆಗೆ ಜಮಖಂಡಿ ಸಂಸ್ಥಾನದ ತುಂಡು. ವ್ಯಾಪಾರ, ಕಚೇರಿ, ನಾಟಕ ಕಂಪನಿ, ಸಂಗೀತ ಎಲ್ಲಕ್ಕೂ ಜನರ ಮುಖ ಪುಣೆ, ಮುಂಬಯಿಗಳ ಕಡೆಗಿತ್ತು. ಆ ದಿಕ್ಕಿನಿಂದ ಬಂದದ್ದು ಚಹಾ. 1903ರ ಚಹಾ ಸುಂಕದ ಹಣದಿಂದ ಬೆಳೆಗಾರರು ದೇಶದುದ್ದಕ್ಕೂ ಪ್ರಚಾರ ನಡೆಸಿದರು. ರೈಲು ನಿಲ್ದಾಣಗಳು ಅದರ ಮುಖ್ಯ ನೆಲೆ. ಅಣ್ಣಿಗೇರಿ ಹುಬ್ಬಳ್ಳಿ–ಗದಗ ದಾರಿಯಲ್ಲಿ, ಕುಂದಗೋಳ ಹುಬ್ಬಳ್ಳಿ–ಹರಿಹರ ದಾರಿಯಲ್ಲಿ ನಿಲ್ದಾಣ ಪಡೆದವು. ಕಾಫಿ ಸುಂಕದ ಕಾಯ್ದೆ ಬಂದದ್ದು 1935ರಲ್ಲಿ, ಚಹಾಕ್ಕಿಂತ ಮೂರು ದಶಕ ತಡವಾಗಿ. ಮರುವರ್ಷ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಆ ಪ್ರಚಾರದ ಕಣ್ಣು ಪಟ್ಟಣಿಗರ ಮೇಲಿತ್ತು.

ಚಹಾ ಮುಂದಾಗಲು ಇನ್ನೊಂದು ಕಾರಣ ಪುಡಿಯ ಗುಣ. ಹುರಿದು ಬೀಸಿದ ಕಾಫಿ ಕೆಲವೇ ವಾರಗಳಲ್ಲಿ ಘಮ ಕಳೆದುಕೊಳ್ಳುತ್ತದೆ. ಅದಕ್ಕೆ ಹುರಿಯುವ ಅಂಗಡಿ ಹತ್ತಿರ ಬೇಕು, ದಿನವೂ ಕೊಳ್ಳುವ ಗಿರಾಕಿ ಬೇಕು. ಚಹಾಪುಡಿ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಕೂರುತ್ತದೆ. 1950ರ ನಂತರ ವ್ಯಾಪಕವಾದ ಸಿಟಿಸಿ ಕಾಳು ಚಹಾ, ಚಿಟಿಕೆಯಷ್ಟಕ್ಕೇ ಕಡುಬಣ್ಣ ಬಿಟ್ಟು, ಬಡವರ ಮನೆಗೂ ಎಟಕಿತು. ಹೊಲದಿಂದ ಬಂದವರಿಗೆ ‘ಬರ್ರಿ, ಚಾ ಕುಡದ ಹೋಗ್ರಿ’ ಅನ್ನುವ ಉಪಚಾರ ನೆಲೆಗೊಂಡದ್ದು ಹೀಗೆ.

1956ರ ನವೆಂಬರ್ 1ರ ಏಕೀಕರಣವನ್ನು ಕಾಫಿಯ ತಿರುವೆಂದು ಕೆಲವರು ಎಣಿಸುವುದುಂಟು. ಆಡಳಿತ ಬೆಂಗಳೂರಿಗೆ ತಿರುಗಿದ್ದು ನಿಜ; ಆದರೆ ಒಲೆಯ ಮೇಲಿನ ಪಾತ್ರೆ ಬದಲಾಗಲಿಲ್ಲ. ಉಡುಪಿ ಕಡೆಯವರ ಹೋಟೆಲುಗಳಲ್ಲಿ ಸಿಗುತ್ತಿದ್ದ ಫಿಲ್ಟರ್ ಕಾಫಿ ಪೇಟೆಗೆ ಹೋದಾಗ ಕುಡಿಯುವ ಪದಾರ್ಥವಾಗಿಯೇ ಉಳಿಯಿತು. ನಿಜವಾದ ತಿರುವು ಪುಡಿಯಲ್ಲಿ ಬಂತು. 1960ರ ದಶಕದಿಂದ ಭಾರತದಲ್ಲೇ ತಯಾರಾದ ಇನ್‌ಸ್ಟಂಟ್ ಕಾಫಿ, ಮುಂದೆ ಅದರ ಸಣ್ಣ ಪೊಟ್ಟಣ, ಹುರಿಯುವ ಅಂಗಡಿಯ ಹಂಗನ್ನೇ ತಪ್ಪಿಸಿದವು.

ತಯಾರಿಕೆಯಲ್ಲಿ ಮೂರು ಪದ್ಧತಿಗಳಿವೆ. ಫಿಲ್ಟರಿನಲ್ಲಿ ಮೇಲಿನ ಡಬ್ಬಿಗೆ ಪುಡಿ ಹಾಕಿ, ತೂತಿನ ತಟ್ಟೆಯಿಂದ ಹಗುರಾಗಿ ಒತ್ತಿ, ಕುದಿನೀರು ಸುರಿದು ಡಿಕಾಕ್ಷನ್ ಇಳಿಯಲು ಕಾಯಬೇಕು. ಅವಸರಪಟ್ಟು ಕುಕ್ಕಿದರೆ ಹನಿ ನಿಲ್ಲುತ್ತದೆ, ಸಡಿಲ ಬಿಟ್ಟರೆ ತೆಳು ನೀರು. ಇದಕ್ಕಿಂತ ಹಳೆಯದು ಬೆಲ್ಲದ ನೀರು ಮರಳಿಸಿ, ಪುಡಿ ಉದುರಿಸಿ, ಮುಚ್ಚಿಟ್ಟು, ಗಷ್ಟು ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸುವ ಕ್ರಮ. ಗ್ರಾಮೀಣ ಧಾರವಾಡದಲ್ಲಿ ಗೆದ್ದದ್ದು ಮೂರನೆಯದು: ಹಾಲು, ಸಕ್ಕರೆಯನ್ನು ಚಹಾದ ಪಾತ್ರೆಯಲ್ಲೇ ಉಕ್ಕಿಸಿ, ಇನ್‌ಸ್ಟಂಟ್ ಪುಡಿ ಹಾಕಿ, ಕಪ್ಪು-ಬಸಿಯಲ್ಲಿ ಕೊಡುವುದು. ಡಿಕಾಕ್ಷನ್ ಪ್ರಿಯರು ಇದನ್ನು ಕಾಫಿಯೆಂದೇ ಒಪ್ಪುವುದಿಲ್ಲ. ಇಲ್ಲಿಯ ಹಾಲನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ತೀರ್ಪು ನ್ಯಾಯವಲ್ಲ. ಕೆನೆಗಟ್ಟುವ ಎಮ್ಮೆ ಹಾಲು ಕಾಫಿಯ ಕಹಿಯನ್ನು ಮಿದುವಾಗಿಸಿ, ಬಾಯಲ್ಲಿ ನಿಲ್ಲುವ ದಪ್ಪ ಪೇಯವನ್ನು ಕೊಡುತ್ತದೆ. ಪೇಡೆಗೆ ಹೆಸರಾದ ಧಾರವಾಡಿ ಎಮ್ಮೆ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ನೋಂದಣಿಯಾದದ್ದು ತೀರ ಈಚೆಗೆ, 2021ರಲ್ಲಿ. ಕಾಫಿಯ ಬರಹಗಳಲ್ಲಿ ಅದಕ್ಕೆ ಇನ್ನೂ ಜಾಗ ಸಿಕ್ಕಿಲ್ಲ.

ಕೊತ್ತಂಬರಿ ಬೀಜ, ಜೀರಿಗೆ, ಒಣಶುಂಠಿ ಹುರಿದು ಪುಡಿಮಾಡಿ, ಬೆಲ್ಲ, ಹಾಲಿನೊಂದಿಗೆ ಕುದಿಸುವ ಕಷಾಯವೂ ಇದೇ ಸಾಲಿನದು. ಯಲ್ಲಾಪುರದ ಹೆದ್ದಾರಿಯ ಮೇಲಿರುವ ಕಲಘಟಗಿಯ ಕಡೆ ಘಟ್ಟದ ಈ ಅಭ್ಯಾಸ ಪರಿಚಿತ. ಹುರಿದ ಕಂಪು, ಬೆಲ್ಲ, ಹಾಲು ಮೂರೂ ಕೂಡಿದ ಬಿಸಿ ಪೇಯಕ್ಕೆ ನಾಲಗೆ ಮೊದಲೇ ಒಗ್ಗಿತ್ತು.

1996ರ ಹೊತ್ತಿಗೆ ಕಾಫಿ ಮಂಡಳಿಯ ಏಕಸ್ವಾಮ್ಯದ ಮಾರಾಟ ಮುಗಿದು ಪೇಟೆ ಮುಕ್ತವಾದ ಮೇಲೆ ಪೊಟ್ಟಣಗಳ ಪೈಪೋಟಿ ಹೆಚ್ಚಿತು. ಕೊಳ್ಳುವವರು ಗಮನಿಸಬೇಕಾದದ್ದು ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ: ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಬೇಕು.